ಬೋರ್ಡ್ ಪೇಂಟರ್ ಕೈಬರಹ ಫಾಂಟ್ ಆದ ಕಥೆ

ಬಸ್ಸಲ್ಲಿ ಕೂತು ಕೇಳ್ತಿದ್ರೆ ಕಿಟಕಿ ಆಚೆ ಅಂಗಡಿ ಬೋರ್ಡ್‌ಗಳನ್ನ ಸ್ವಲ್ಪ ನೋಡ್ತಾ ಇರಿ.

ನಮ್ಮ ಮಾವನ ದಿನಸಿ ಅಂಗಡಿಗೆ ಮೊದಲು ಕೈಯಲ್ಲಿ ಬರೆದ ಬೋರ್ಡಿತ್ತು. ಹಳದಿ ಬಣ್ಣದ ತಗಡು, ಕೆಂಪು ಅಕ್ಷರ, ಪಕ್ಕದಲ್ಲಿ ಕಪ್ಪು ನೆರಳು, ಮೂಲೆಯಲ್ಲಿ ಪೇಂಟರ್ ಸಹಿ. ನಾನು ಪಿಯುಸಿಯಲ್ಲಿದ್ದಾಗ ಅದನ್ನ ತೆಗೆದು ಫ್ಲೆಕ್ಸ್ ಹಾಕಿದ್ರು. ಅರ್ಧ ದುಡ್ಡು, ಒಂದೇ ದಿನದ ಕೆಲಸ ಅಂತ ಲೆಕ್ಕ ಹಾಕಿ ಕೊಟ್ಟವನು ನಾನೇ. ಕಾಮರ್ಸ್ ಬುದ್ಧಿ ನೋಡಿ! ಆ ಪೇಂಟರಣ್ಣ ಆಮೇಲೆ ಏನು ಮಾಡಿದ್ರು ಅಂತ ಮಾತ್ರ ಕೇಳಲಿಲ್ಲ.

ಅಂಥವರನ್ನ ಹುಡುಕಿಕೊಂಡು ಹೋದವರು ಕಲಾವಿದ ಹನೀಫ್ ಕುರೇಶಿ. ಗುಜರಾತಿನ ತಳಾಜಾ ಊರಿನವರು. ಚಿಕ್ಕಂದಿನಲ್ಲಿ ಬೋರ್ಡ್ ಪೇಂಟರ್ ಆಗೋ ಆಸೆ ಇತ್ತಂತೆ. ಬರೋಡಾದಲ್ಲಿ ಕಲೆ ಓದಿ, ದಿಲ್ಲಿಯಲ್ಲಿ ಜಾಹೀರಾತು ಕೆಲಸ ಮಾಡಿದರು. 2010ರ ಆಸುಪಾಸಿನಲ್ಲಿ 'ಹ್ಯಾಂಡ್‌ಪೇಂಟೆಡ್‌ಟೈಪ್' ಶುರು ಮಾಡಿದರು.

ಕೆಲಸ ಹೀಗೆ: ಪೇಂಟರ್ ತಮ್ಮದೇ ಶೈಲಿಯಲ್ಲಿ ಎಲ್ಲ ಅಕ್ಷರ, ಅಂಕಿ ಬರೆದು ಕೊಡ್ತಾರೆ. ಅದನ್ನ ಕಂಪ್ಯೂಟರಿಗೆ ಹಾಕಿ, ಅಂಚು ತಿದ್ದಿ, ಫಾಂಟ್ ಮಾಡೋದು. ಫಾಂಟಿಗೆ ಪೇಂಟರ್ ಹೆಸರೇ: 'ಪೇಂಟರ್ ಕಫೀಲ್', ಹೀಗೆ. ಕಫೀಲ್ ದಿಲ್ಲಿಯವರು. ಮಾರಾಟದ ದುಡ್ಡಲ್ಲಿ ಅರ್ಧ ಪೇಂಟರಿಗೆ. ಇಡೀ ಕಥೆಯಲ್ಲಿ ನನಗೆ ಹಿಡಿಸಿದ್ದು ಈ ಸಾಲು. ಬೀದಿ ಕಲೆಯನ್ನ ಫೋಟೋ ಹೊಡೆದು ಟೀ ಶರ್ಟ್ ಮೇಲೆ ಮಾರೋರು ಬೇಕಾದಷ್ಟು ಜನ ಇದ್ದಾರೆ, ಪಾಲು ಕೊಡೋರು ಎಷ್ಟು ಜನ?

ಈಗ ನಮ್ಮ ಕನ್ನಡಕ್ಕೆ ಬರೋಣ. ಇಂಗ್ಲಿಷಲ್ಲಿ 26 ಅಕ್ಷರ ಬರೆದರೆ ಹೆಚ್ಚುಕಡಿಮೆ ಮುಗೀತು. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಆಕಾರ ಬೇಕು. ಬೋರ್ಡ್ ಬರೆಯೋರು 'ಲಕ್ಷ್ಮೀ' ಅಂತ ಬರೆಯುವಾಗ ಕೆಳಗಿನ ಒತ್ತನ್ನ ಜಾಗ ನೋಡಿ ಸಣ್ಣದು ಮಾಡ್ತಾರೆ, ಪಕ್ಕಕ್ಕೆ ಎಳೀತಾರೆ. ಆ ಕಣ್ಣಳತೆಯನ್ನೆಲ್ಲ ಫಾಂಟ್ ಮಾಡೋರು ಮೊದಲೇ ಊಹಿಸಿ ತುಂಬಬೇಕು.

ಹಾಗಂತ ಯಾರೂ ಮಾಡಿಲ್ಲ ಅಂತಲ್ಲ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ 'ಅಕಾಯಾ ಕನ್ನಡಕ' ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗೇ ಸಿಗತ್ತೆ. ಅದಕ್ಕೆ ಪ್ರೇರಣೆ 1969ರ 'ಚೌಕದ ದೀಪ' ಸಿನಿಮಾಗೆ ಕಲಾವಿದ ಕಮಲೇಶ್ ಕೈಯಲ್ಲಿ ಬರೆದ ಶೀರ್ಷಿಕೆ. ಒಂದು ಸಿನಿಮಾ ಹೆಸರಲ್ಲಿದ್ದ ನಾಲ್ಕೈದು ಅಕ್ಷರದಿಂದ ಇಡೀ ವರ್ಣಮಾಲೆ!

ಹನೀಫ್ 2024ರ ಸೆಪ್ಟೆಂಬರಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ಊರಿಗೆ ಹೋದಾಗ ಮಾವನ್ನ ಕೇಳಿದೆ. ಹಳೇ ಬೋರ್ಡ್ ಇನ್ನೂ ಇದೆ, ಗೋಡೌನಲ್ಲಿ ಅಕ್ಕಿ ಮೂಟೆ ಕೆಳಗೆ ಹಾಸಿದ್ದಾರೆ. ಮೂಟೆ ಸರಿಸಿ ಒರೆಸಿದೆ. ಸಹಿ ಓದೋಕೆ ಬರತ್ತೆ. ಕೆಳಗೊಂದು ಫೋನ್ ನಂಬರೂ ಇದೆ, ಆದ್ರೆ ಐದೇ ಅಂಕಿ.