ಅರಸನ ಹೊಟ್ಟೆನೋವು

ಮನೆಯಲ್ಲಿ ಮಗು ಹೊಟ್ಟೆನೋವೆಂದು ಅತ್ತರೆ ನಮ್ಮ ಕೈ ಮೊದಲು ಹೋಗುವುದು ಹರಳೆಣ್ಣೆಯ ಸೀಸೆಯ ಕಡೆಗೆ. ವಾಚಕರೇ, ಆ ಸೀಸೆಯ ಬಿರಡೆ ತೆಗೆಯುವ ಮುನ್ನ ಒಬ್ಬ ಅರಸನ ವೃತ್ತಾಂತವನ್ನು ಕೇಳಿರಿ.

1902ನೆಯ ಇಸವಿ ಜೂನ್ 26ರಂದು ಇಂಗ್ಲೆಂಡಿನ ದೊರೆ ಏಳನೆಯ ಎಡ್ವರ್ಡರ ಪಟ್ಟಾಭಿಷೇಕ ನಿಶ್ಚಯವಾಗಿತ್ತು. ಲಂಡನ್ ನಗರ ಸಿಂಗಾರಗೊಂಡಿತ್ತು. ದೇಶವಿದೇಶಗಳ ಅತಿಥಿಗಳು ಬಂದಿಳಿದಿದ್ದರು. ದೊರೆಗೋ ಹೊಟ್ಟೆಯಲ್ಲಿ ತಡೆಯಲಾರದ ನೋವು. ಆದರೂ ಉತ್ಸವ ನಿಲ್ಲಬಾರದೆಂದು ಹಟ. ಶಸ್ತ್ರವೈದ್ಯ ಫ್ರೆಡರಿಕ್ ಟ್ರೀವ್ಸ್ ಒಪ್ಪಲಿಲ್ಲ. 1900ರಲ್ಲಿ ಅವರ ಸ್ವಂತ ಮಗಳೇ ಇದೇ ರೋಗಕ್ಕೆ ಬಲಿಯಾಗಿದ್ದಳು. ಜೂನ್ 24ರಂದು ಅರಮನೆಯಲ್ಲಿಯೇ ದೊರೆಯ ಹೊಟ್ಟೆಯನ್ನು ಕೊಯ್ದು ಕೀವನ್ನು ಹೊರಗೆ ಹರಿಸಿದರು. ಆಗಸ್ಟ್ 9ರಂದು ದೊರೆ ಕಿರೀಟ ಧರಿಸಿದರು.

ಸಣ್ಣಕರುಳು ದೊಡ್ಡಕರುಳನ್ನು ಕೂಡುವೆಡೆಯ ಬಳಿ ಕಿರುಬೆರಳಿನಂತೆ ಜೋತಿರುವ ಅಪೆಂಡಿಕ್ಸೇ ಈ ರೋಗದ ಮೂಲ. ಅದು ಬಾತು ಒಡೆದರೆ ನಂಜು ಉದರದ ಒಳಪೊರೆಗೆ ಹಬ್ಬುತ್ತದೆ. 1886ರಲ್ಲಿ ಅಮೆರಿಕದ ಬಾಸ್ಟನ್ ನಗರದ ರೆಜಿನಾಲ್ಡ್ ಫಿಟ್ಸ್ ಇದನ್ನು ವಿಶದಪಡಿಸಿ, ಬೇಗನೆ ಕೊಯ್ದು ತೆಗೆಯುವುದೇ ಮಾರ್ಗವೆಂದರು. ಹೊಟ್ಟೆಗೆ ಎಷ್ಟು ದೊಡ್ಡ ಬಾಗಿಲನ್ನು ತೆರೆಯಬೇಕೆಂಬ ಪ್ರಶ್ನೆ ಮಾತ್ರ ಉಳಿಯಿತು.

ಬೀಗದ ಕಿಂಡಿಯಷ್ಟು ಸಾಕೆಂದು ತೋರಿಸಿದವರು ಜರ್ಮನಿಯ ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಸೆಮ್. 1980ರಲ್ಲಿ ಅವರು ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿ, ಸಣ್ಣ ರಂಧ್ರಗಳ ಮೂಲಕ ಬೆಳಕಿನ ದರ್ಶಕವನ್ನೂ ನೀಳವಾದ ಉಪಕರಣಗಳನ್ನೂ ಇಳಿಸಿ ಅಪೆಂಡಿಕ್ಸನ್ನು ತೆಗೆದರು. ಬಂದದ್ದು ಮೆಚ್ಚುಗೆಯಲ್ಲ, ಅವರನ್ನು ವೃತ್ತಿಯಿಂದ ಅಮಾನತು ಮಾಡಬೇಕೆಂಬ ಕೂಗು! ಹತ್ತು ವರ್ಷ ಕಳೆಯುವುದರೊಳಗೆ ಲೋಕದ ಮನಸ್ಸು ತಿರುಗಿತು. 1990ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ತೆಹೆಮ್ಟನ್ ಉದ್ವಾಡಿಯಾ ಇದೇ ವಿಧಾನದಿಂದ ಪಿತ್ತಕೋಶವನ್ನು ತೆಗೆದು ನಮ್ಮ ದೇಶಕ್ಕೆ ದಾರಿ ತೋರಿದರು.

ಆದರೆ ಅಪೆಂಡಿಕ್ಸು ಒಡೆದು ಕೀವು ಹರಡಿದವರ ಪಾಡೇನು? ಅನಿಲದ ಒತ್ತಡ ನಂಜನ್ನು ಇನ್ನಷ್ಟು ಹಬ್ಬಿಸೀತೆಂದು ವೈದ್ಯರು ಬಹುಕಾಲ ಅಂಜಿದರು. ಅನುಭವ ಆ ಅಂಜಿಕೆಯನ್ನು ಬಹುಮಟ್ಟಿಗೆ ಕಳೆದಿದೆ. ಇಂದು ಕುಶಲ ವೈದ್ಯರು ತೆರೆಯ ಮೇಲೆ ಉದರದ ಮೂಲೆಮೂಲೆಯನ್ನೂ ನೋಡಿ, ಯಕೃತ್ತಿನ ಕೆಳಗೂ ಕಿಬ್ಬೊಟ್ಟೆಯ ತಳದಲ್ಲಿಯೂ ನಿಂತ ಕೀವನ್ನು ಹೀರಿ ತೆಗೆಯುತ್ತಾರೆ. ಹೊರಗಾಯ ಕಿರಿದು, ಅದು ಕೀವಾಗುವುದೂ ಕಡಿಮೆ. ಒಳಗೆ ಮತ್ತೆ ಕೀವು ಕಟ್ಟುವ ಭಯ ಪೂರ್ತಿ ತಪ್ಪಿಲ್ಲ. ಕೆಲವರಿಗೆ ಹೊಟ್ಟೆಯನ್ನು ತೆರೆಯಲೇಬೇಕಾದೀತು.

ಕಳೆದ ವರ್ಷ ನನ್ನ ತರಗತಿಯ ಹುಡುಗನೊಬ್ಬ ಈ ಚಿಕಿತ್ಸೆಯಾಗಿ ಮರಳಿ ಬಂದು, ಅಂಗಿಯೆತ್ತಿ ಮೂರು ಚಿಕ್ಕ ಕಲೆಗಳನ್ನು ಹೆಮ್ಮೆಯಿಂದ ತೋರಿಸಿದ. ಅವನ ತಾಯಿ ಮಾತ್ರ ಕಣ್ಣೊರೆಸಿಕೊಂಡು, “ಮೊದಲ ದಿನ ಭೇದಿಗೆ ಕೊಟ್ಟುಬಿಟ್ಟೆ, ಮೇಷ್ಟ್ರೇ” ಎಂದರು. ಬಾತ ಅಪೆಂಡಿಕ್ಸು ಭೇದಿಮದ್ದಿನಿಂದ ಒಡೆಯಬಹುದು. ಹೊಕ್ಕುಳ ಸುತ್ತ ಹುಟ್ಟಿ ಬಲಗಡೆಗೆ ಇಳಿದು ನೆಲೆಸುವ ನೋವು ಕಂಡರೆ ಹರಳೆಣ್ಣೆ ಬೇಡ. ಕೂಡಲೇ ವೈದ್ಯರ ಬಳಿಗೆ ಹೊರಡಿರಿ. ಅರಸನ ಕಿರೀಟ ಆರು ವಾರ ಕಾಯಿತು. ಹೊಟ್ಟೆಯೊಳಗಿನ ಕೀವು ಯಾರಿಗಾಗಿಯೂ ಕಾಯದು.