ನುಂಗುವ ಗರ್ಭನಿರೋಧಕ ಮಾತ್ರೆಗಳು ಮತ್ತು ರಕ್ತ ಹೆಪ್ಪುಗಟ್ಟುವಿಕೆ

ನುಂಗುವ ಗರ್ಭನಿರೋಧಕ ಮಾತ್ರೆಯು ಮಕ್ಕಳ ನಡುವೆ ಅಂತರ ಕಾಯ್ದುಕೊಳ್ಳಲು ಬಳಸುವ ತಾತ್ಕಾಲಿಕ ವಿಧಾನಗಳಲ್ಲಿ ಒಂದು. ಕ್ರಮ ತಪ್ಪದೆ ಸೇವಿಸಿದಲ್ಲಿ ಇದು ಅತ್ಯಂತ ಪರಿಣಾಮಕಾರಿ. ಆದರೆ ಕೆಲವು ಮಹಿಳೆಯರಲ್ಲಿ ಈ ಮಾತ್ರೆಯಿಂದ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಈ ಸಂಭವ ಅಲ್ಪವಾದರೂ ಒದಗಿದಾಗ ಪ್ರಾಣಾಪಾಯ ತರಬಲ್ಲದು. ಆದುದರಿಂದ ಮಾತ್ರೆಯನ್ನು ಯಾರು ಸೇವಿಸಬಾರದು, ಯಾವ ಲಕ್ಷಣ ಕಂಡಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಮಹಿಳೆಯರೂ ಅವರ ಕುಟುಂಬದವರೂ ತಿಳಿದಿರುವುದು ಅವಶ್ಯ.

ಮಾತ್ರೆಯಲ್ಲಿ ಏನಿದೆ?

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಮಾಲಾ-ಎನ್ ಪೊಟ್ಟಣದಲ್ಲಿ 28 ಮಾತ್ರೆಗಳಿವೆ. ಇವುಗಳಲ್ಲಿ 21 ಹಾರ್ಮೋನು ಮಾತ್ರೆಗಳು, 7 ಕಬ್ಬಿಣಾಂಶದ ಮಾತ್ರೆಗಳು. ಪ್ರತಿ ಹಾರ್ಮೋನು ಮಾತ್ರೆಯಲ್ಲಿ 0.03 ಮಿ.ಗ್ರಾಂ ಇಥಿನೈಲ್ ಈಸ್ಟ್ರಡಿಯೋಲ್ ಎಂಬ ಈಸ್ಟ್ರೋಜನ್ ಹಾಗೂ 0.15 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಇರುತ್ತವೆ. ಎರಡೂ ಹಾರ್ಮೋನುಗಳಿರುವ ಇಂತಹ ಮಾತ್ರೆಗಳನ್ನು ಸಂಯುಕ್ತ ಮಾತ್ರೆಗಳೆಂದು ಕರೆಯಲಾಗುತ್ತದೆ.

ರಕ್ತ ಹೆಪ್ಪುಗಟ್ಟುವುದು ಹೇಗೆ?

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಶರೀರದ ಸಹಜ ರಕ್ಷಣಾ ಕ್ರಮ. ಈಸ್ಟ್ರೋಜನ್ ಯಕೃತ್ತಿನ ಮೇಲೆ ಪ್ರಭಾವ ಬೀರಿ, ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಅದನ್ನು ತಡೆಯುವ ಪ್ರೋಟೀನುಗಳನ್ನು ತಗ್ಗಿಸುತ್ತದೆ. ಇದರಿಂದ ಗಾಯವಿಲ್ಲದಿದ್ದರೂ ಸಾಮಾನ್ಯವಾಗಿ ಕಾಲಿನ ಒಳ ಅಭಿಧಮನಿಗಳಲ್ಲಿ ಹೆಪ್ಪು ಉಂಟಾಗಬಹುದು. ಅದರ ತುಣುಕು ಕಳಚಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದಲ್ಲಿ ಪ್ರಾಣಕ್ಕೆ ಅಪಾಯ. ವಿರಳವಾಗಿ ಮೆದುಳಿನ ರಕ್ತನಾಳಗಳಲ್ಲಿಯೂ ಹೆಪ್ಪುಗಟ್ಟಿ ಪಾರ್ಶ್ವವಾಯು ಸಂಭವಿಸಬಹುದು.

ಅಮೆರಿಕದಲ್ಲಿ 1960ರಲ್ಲಿ ಮೊದಲ ಗರ್ಭನಿರೋಧಕ ಮಾತ್ರೆಗೆ ಅನುಮತಿ ದೊರೆಯಿತು. ಮರುವರ್ಷವೇ ಈ ತೊಂದರೆಯ ಮೊದಲ ವರದಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದಿನ ಮಾತ್ರೆಗಳಲ್ಲಿ ಈಸ್ಟ್ರೋಜನ್ ಪ್ರಮಾಣ ಇಂದಿನದಕ್ಕಿಂತ ಹಲವು ಪಟ್ಟು ಅಧಿಕವಾಗಿತ್ತು. ಕ್ರಮೇಣ ಅದನ್ನು ತಗ್ಗಿಸಿದುದರಿಂದ ಅಪಾಯ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಅಪಾಯದ ಪ್ರಮಾಣ

ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ನಡೆಸಿದ ಪರಾಮರ್ಶೆಯ ಪ್ರಕಾರ, ಒಂದು ವರ್ಷದಲ್ಲಿ ಪ್ರತಿ 10,000 ಮಹಿಳೆಯರಲ್ಲಿ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವವರ ಸಂಖ್ಯೆ:

• ಗರ್ಭಿಣಿಯರಲ್ಲದ, ಮಾತ್ರೆ ಸೇವಿಸದವರಲ್ಲಿ: ಸುಮಾರು 2
• ಲೆವೊನಾರ್ಜೆಸ್ಟ್ರೆಲ್ ಇರುವ ಸಂಯುಕ್ತ ಮಾತ್ರೆ ಸೇವಿಸುವವರಲ್ಲಿ: 5ರಿಂದ 7
• ಡ್ರೋಸ್ಪಿರೆನೋನ್ ಅಥವಾ ಡೆಸೊಜೆಸ್ಟ್ರೆಲ್ ಇರುವ ಸಂಯುಕ್ತ ಮಾತ್ರೆ ಸೇವಿಸುವವರಲ್ಲಿ: 9ರಿಂದ 12

ಗರ್ಭಿಣಿಯರಲ್ಲಿ ಈ ಅಪಾಯ ಮತ್ತೂ ಹೆಚ್ಚು. ಹೆರಿಗೆಯ ನಂತರದ ವಾರಗಳಲ್ಲಿ ಇನ್ನೂ ಅಧಿಕ. ಮಾತ್ರೆ ಸೇವಿಸುವವರಲ್ಲಿ ಮೊದಲ ವರ್ಷ, ಅದರಲ್ಲೂ ಮೊದಲ ಮೂರು ತಿಂಗಳು ಹೆಚ್ಚಿನ ಎಚ್ಚರಿಕೆ ಅಗತ್ಯ. ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ನಿಲ್ಲಿಸಿ ಪುನಃ ಆರಂಭಿಸಿದಾಗಲೂ ಅಪಾಯ ಹೆಚ್ಚುತ್ತದೆ.

ಸಂಯುಕ್ತ ಮಾತ್ರೆಯನ್ನು ಯಾರು ಸೇವಿಸಬಾರದು?

• ಹಿಂದೆ ಕಾಲು, ಶ್ವಾಸಕೋಶ ಅಥವಾ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರು
• ರಕ್ತ ಬೇಗ ಹೆಪ್ಪುಗಟ್ಟುವ ಆನುವಂಶಿಕ ದೋಷವುಳ್ಳವರು
• 35 ವರ್ಷ ಮೀರಿದ, ಬೀಡಿ ಅಥವಾ ಸಿಗರೇಟು ಸೇದುವವರು
• ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿರುವವರು
• ಕಣ್ಣ ಮುಂದೆ ಮಿಂಚು ಅಥವಾ ಅಂಕುಡೊಂಕು ಗೆರೆ ಕಾಣಿಸಿಕೊಂಡು ಅರೆತಲೆನೋವು ಬರುವವರು
• ಹೆರಿಗೆಯಾಗಿ 6 ತಿಂಗಳು ತುಂಬದ, ಎದೆಹಾಲುಣಿಸುವ ತಾಯಂದಿರು. ಎದೆಹಾಲುಣಿಸದವರು ಕನಿಷ್ಠ 3 ವಾರ ಕಾಯಬೇಕು. ಹೆಪ್ಪುಗಟ್ಟುವ ಇತರ ಕಾರಣಗಳಿದ್ದಲ್ಲಿ 6 ವಾರ
• ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ ಬಹುದಿನ ಹಾಸಿಗೆಯಲ್ಲಿರಬೇಕಾದವರು

ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ರಕ್ತ ಹೆಪ್ಪುಗಟ್ಟಿದ್ದಲ್ಲಿ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಸ್ಥೂಲಕಾಯವೂ ಅಪಾಯವನ್ನು ಹೆಚ್ಚಿಸುತ್ತದೆ. ಶಸ್ತ್ರಚಿಕಿತ್ಸೆ ಮೊದಲೇ ನಿಗದಿಯಾಗಿದ್ದಲ್ಲಿ ಮಾತ್ರೆ ಸೇವಿಸುತ್ತಿರುವ ವಿಷಯವನ್ನು ಸಾಕಷ್ಟು ಮುಂಚಿತವಾಗಿ ಹೇಳಬೇಕು.

ಮುಟ್ಟು ಮುಂದೂಡುವ ಮಾತ್ರೆಗಳು

ಹಬ್ಬ, ಮದುವೆ, ತೀರ್ಥಯಾತ್ರೆಗಳ ಸಂದರ್ಭದಲ್ಲಿ ಮುಟ್ಟನ್ನು ಮುಂದೂಡಲು ನೊರೆಥಿಸ್ಟೆರೋನ್ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಾವಾಗಿಯೇ ತಂದು ಸೇವಿಸುವುದುಂಟು. ಇವು ಗರ್ಭನಿರೋಧಕಗಳಲ್ಲ. ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದಾಗ ಈ ಔಷಧದ ಅಲ್ಪ ಭಾಗವು ಶರೀರದಲ್ಲಿ ಈಸ್ಟ್ರೋಜನ್ ಆಗಿ ಪರಿವರ್ತನೆಗೊಳ್ಳುತ್ತದೆ. ಆದುದರಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುವವರು ವೈದ್ಯರ ಸಲಹೆ ಇಲ್ಲದೆ ಇವುಗಳನ್ನು ಸೇವಿಸಬಾರದು.

ಅಪಾಯದ ಲಕ್ಷಣಗಳು

• ಒಂದು ಕಾಲಿನಲ್ಲಿ, ವಿಶೇಷವಾಗಿ ಮೀನಖಂಡದಲ್ಲಿ, ನೋವು, ಊತ, ಕೆಂಪಾಗುವುದು ಅಥವಾ ಬಿಸಿಯಾಗುವುದು
• ಹಠಾತ್ ಉಸಿರಾಟದ ತೊಂದರೆ, ಎದೆನೋವು, ಕೆಮ್ಮಿನಲ್ಲಿ ರಕ್ತ
• ಹಿಂದೆಂದೂ ಕಾಣದ ತೀವ್ರ ತಲೆನೋವು, ಫಿಟ್ಸ್
• ದೃಷ್ಟಿ ಮಂಜಾಗುವುದು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು
• ತೀವ್ರ ಹೊಟ್ಟೆನೋವು

ಇವುಗಳಲ್ಲಿ ಯಾವುದೇ ಒಂದು ಲಕ್ಷಣ ಕಂಡುಬಂದರೂ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಗತ್ಯವಿದ್ದಲ್ಲಿ 108ಕ್ಕೆ ಕರೆ ಮಾಡಬೇಕು. ಮಾತ್ರೆ ಸೇವಿಸುತ್ತಿರುವುದನ್ನು ಸಂಕೋಚದಿಂದ ಮುಚ್ಚಿಡಬಾರದು. ಈ ಒಂದು ಮಾಹಿತಿಯಿಂದ ವೈದ್ಯರು ರೋಗವನ್ನು ಬೇಗ ಗುರುತಿಸಲು ಸಾಧ್ಯ. ನೋವಿರುವ ಕಾಲನ್ನು ತಿಕ್ಕಬಾರದು.

ಭಯದಿಂದ ಮಾತ್ರೆ ಬಿಡುವುದು ಪರಿಹಾರವಲ್ಲ

ಬ್ರಿಟನ್ನಿನಲ್ಲಿ 1995ರ ಅಕ್ಟೋಬರಿನಲ್ಲಿ ಕೆಲವು ಮಾತ್ರೆಗಳ ಕುರಿತು ಎಚ್ಚರಿಕೆ ನೀಡಿದಾಗ ಅನೇಕ ಮಹಿಳೆಯರು ಗಾಬರಿಯಿಂದ ಸೇವನೆ ನಿಲ್ಲಿಸಿದರು. ಮರುವರ್ಷ ಅಲ್ಲಿ ಗರ್ಭಪಾತಗಳ ಸಂಖ್ಯೆ ಏರಿತು. ಯಾವ ಲಕ್ಷಣವೂ ಇಲ್ಲದವರು ಮಾತ್ರೆಯನ್ನು ಬದಲಿಸಬಯಸಿದಲ್ಲಿ ಮೊದಲು ಬೇರೊಂದು ವಿಧಾನವನ್ನು ಆರಿಸಿಕೊಳ್ಳಬೇಕು. ವಂಕಿ (ಕಾಪರ್-ಟಿ), ನಿರೋಧ್ ಹಾಗೂ ಹಾರ್ಮೋನುರಹಿತ ಛಾಯಾ ಮಾತ್ರೆಗಳಲ್ಲಿ ಈಸ್ಟ್ರೋಜನ್ ಇರುವುದಿಲ್ಲ. ಮಕ್ಕಳು ಸಾಕೆನ್ನುವ ದಂಪತಿಗಳಿಗೆ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿದೆ.

ಮಾತ್ರೆ ಆರಂಭಿಸುವ ಮುನ್ನ ರಕ್ತದೊತ್ತಡ ಪರೀಕ್ಷಿಸಿಕೊಂಡು, ಹಿಂದಿನ ಕಾಯಿಲೆಗಳ ವಿವರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತಿಳಿಸಿ ಸಲಹೆ ಪಡೆಯುವುದು ಸೂಕ್ತ. ಆಶಾ ಕಾರ್ಯಕರ್ತೆಯರಿಂದ ಮನೆಯಲ್ಲಿಯೇ ಮಾತ್ರೆ ಪಡೆಯುವವರಿಗೂ ಇದು ಅನ್ವಯಿಸುತ್ತದೆ.