ರಕ್ತ ಹೆಪ್ಪುಗಟ್ಟುವ ಇಪ್ಪತ್ತು ನಿಮಿಷ: ಹಾವುಕಡಿತದ ಒಂದು ಪರೀಕ್ಷೆ ಬೆಳೆದು ಬಂದ ಬಗೆ

ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ರೋಗಿಯ ರಕ್ತದಿಂದಲೋ ಮೂತ್ರದಿಂದಲೋ ಅಳೆದು ತಿಳಿಸುವ ಗುರುತಿಗೆ ಜೈವಿಕ ಸೂಚಕ ಅಥವಾ ಬಯೋಮಾರ್ಕರ್ ಎಂದು ಹೆಸರು. ತೀವ್ರ ನಿಗಾ ಘಟಕಗಳಲ್ಲಿ ಇಂಥ ಸೂಚಕಗಳನ್ನು ದುಬಾರಿ ಯಂತ್ರಗಳು ಅಳೆಯುತ್ತವೆ. ಹಾವು ಕಡಿದವರ ಜೀವ ಉಳಿಸುವ ಸೂಚಕವೊಂದನ್ನು ಮಾತ್ರ ಯಾವ ಯಂತ್ರವೂ ಇಲ್ಲದೆ ನೋಡಬಹುದು. ಅದಕ್ಕೆ ಒಂದು ಗಾಜಿನ ನಳಿಕೆ, ಒಂದು ಗಡಿಯಾರ ಇದ್ದರೆ ಸಾಕು.

ಈ ಸೂಚಕದ ಅಗತ್ಯ ಎದ್ದುಕಾಣುವ ಕಡೆಗಳಲ್ಲಿ ಬೆಳಗಾವಿ ಜಿಲ್ಲೆಯೂ ಒಂದು. ಅಲ್ಲಿನ ಗೋಕಾಕ ತಾಲೂಕು ಮತ್ತು ಪಕ್ಕದ ಮೂಡಲಗಿ, ಹುಕ್ಕೇರಿ ತಾಲೂಕುಗಳು ಘಟಪ್ರಭಾ ನದಿಯ ಸೀಮೆ. 1897ರಲ್ಲಿ ಧೂಪದಾಳದಲ್ಲಿ ನದಿಗೆ ಒಡ್ಡು ಕಟ್ಟಿ ಕಾಲುವೆ ತೆಗೆಯಲಾಯಿತು. 1970ರ ದಶಕದಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯ ಎದ್ದಿತು. ಜೋಳ ಬೆಳೆಯುತ್ತಿದ್ದ ಎಷ್ಟೋ ಒಣಭೂಮಿ ಕಬ್ಬಿನ ಗದ್ದೆಯಾಯಿತು. ಕಬ್ಬಿನ ರವದಿಯಡಿ ಇಲಿ ಸೇರುತ್ತವೆ, ಇಲಿಯ ಬೆನ್ನು ಹತ್ತಿ ಕೊಳಕುಮಂಡಲ ಬರುತ್ತದೆ. ರಾತ್ರಿ ಕರೆಂಟ್ ಬಂದ ಹೊತ್ತಿಗೆ ನೀರು ಹಾಯಿಸಲು ಹೋಗುವ ರೈತರ, ಬರಿಗಾಲಲ್ಲಿ ಕಬ್ಬು ಕಡಿಯುವ ಕೂಲಿಕಾರರ ಕಾಲಿಗೆ ಹಾವಿನ ಅಪಾಯ ತಪ್ಪಿದ್ದಲ್ಲ.

ನಾಗರಹಾವು ಮತ್ತು ಕಟ್ಟುಹಾವಿನ ವಿಷ ಮುಖ್ಯವಾಗಿ ನರಗಳನ್ನು ಹಿಡಿಯುತ್ತದೆ. ರೆಪ್ಪೆ ಜೋತುಬೀಳುತ್ತದೆ, ಉಸಿರು ಕಟ್ಟುತ್ತದೆ. ಕೊಳಕುಮಂಡಲ ಮತ್ತು ಗರಗಸಮಂಡಲದ ವಿಷ ರಕ್ತವನ್ನು ಕೆಡಿಸುತ್ತದೆ. ಕೊಳಕುಮಂಡಲದ ವಿಷವು ರಕ್ತ ಹೆಪ್ಪುಗಟ್ಟಿಸುವ ಘಟಕಗಳನ್ನು, ಅದರಲ್ಲೂ ಹತ್ತನೆಯ ಘಟಕವನ್ನು, ವಿಪರೀತ ಚುರುಕುಗೊಳಿಸುತ್ತದೆ. ಆಗ ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನು ದೇಹದೊಳಗೇ ಖರ್ಚಾಗಿ ಹೋಗುತ್ತದೆ. ಕೊನೆಗೆ ರಕ್ತಕ್ಕೆ ಹೆಪ್ಪುಗಟ್ಟುವ ಶಕ್ತಿಯೇ ಉಳಿಯುವುದಿಲ್ಲ. ವಸಡಿನಿಂದ, ಮೂತ್ರದಲ್ಲಿ, ಕೆಲವೊಮ್ಮೆ ಮಿದುಳಿನಲ್ಲೂ ರಕ್ತ ಸೋರುತ್ತದೆ.

ಈ ತಿಳಿವಳಿಕೆ ಕೂಡಿಬರಲು ಎರಡು ಶತಮಾನ ಹಿಡಿಯಿತು. ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಭಾರತದ ಹಾವುಗಳ ಬಗ್ಗೆ ಗ್ರಂಥ ಪ್ರಕಟಿಸಿದರು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಅವರದೇ ಹೆಸರಿದೆ. ಫ್ರಾನ್ಸಿನ ಆಲ್ಬೇರ್ ಕಾಲ್ಮೆತ್ 1890ರ ದಶಕದಲ್ಲಿ ನಾಗರಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸಿದರು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 20ನೇ ಶತಮಾನದ ಆರಂಭದಲ್ಲಿ ಮುಂಬಯಿಯ ಪ್ಲೇಗ್ ಸಂಶೋಧನಾಲಯದಲ್ಲಿದ್ದ ಜಾರ್ಜ್ ಲ್ಯಾಂಬ್, ನಾಗರಹಾವಿಗೆಂದು ಮಾಡಿದ ಪ್ರತಿವಿಷ ಕೊಳಕುಮಂಡಲದ ವಿಷಕ್ಕೆ ನಾಟುವುದಿಲ್ಲ ಎಂದು ತೋರಿಸಿದರು. ಆ ಸಂಶೋಧನಾಲಯವೇ 1925ರಲ್ಲಿ ಹಾಫ್‌ಕಿನ್ ಸಂಸ್ಥೆಯಾಯಿತು. ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಔಷಧವಾದ ಬಹುವಿಷ ಪ್ರತಿವಿಷವನ್ನು ಮುಂದೆ ಅದು ತಯಾರಿಸತೊಡಗಿತು.

ಪ್ರತಿವಿಷ ಸಿಕ್ಕ ಮೇಲೂ, ಅದನ್ನು ಯಾರಿಗೆ, ಎಷ್ಟು, ಎಲ್ಲಿಯವರೆಗೆ ಕೊಡಬೇಕು ಎಂಬ ಪ್ರಶ್ನೆ ಉಳಿದಿತ್ತು. ಕಚ್ಚಿದ ಗುರುತು ನೋಡಿ ಹೇಳುವಂತಿಲ್ಲ, ಏಕೆಂದರೆ ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಉತ್ತರಕ್ಕೆ ಬೇಕಾದ ಸಾಧನ ಹಾವಿಗೆ ಸಂಬಂಧವೇ ಇಲ್ಲದ ಕಡೆಯಿಂದ ಬಂತು. 1913ರಲ್ಲಿ ಅಮೆರಿಕದ ರೋಜರ್ ಲೀ ಮತ್ತು ಪಾಲ್ ಡಡ್ಲಿ ವೈಟ್ ಗಾಜಿನ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ವಿಧಾನವನ್ನು ವಿವರಿಸಿದ್ದರು. 1970ರ ದಶಕದಲ್ಲಿ ನೈಜೀರಿಯದಲ್ಲಿ ಗರಗಸಮಂಡಲದ ಜಾತಿಯ ಹಾವು ಕಡಿದವರಿಗೆ ಚಿಕಿತ್ಸೆ ನೀಡುತ್ತಿದ್ದ ಡೇವಿಡ್ ವಾರೆಲ್ ಮತ್ತು ಸಂಗಡಿಗರು ಇದೇ ತತ್ವವನ್ನು ಹಾಸಿಗೆಯ ಬಳಿಗೆ ತಂದರು. ಬರ್ಮಾದಲ್ಲಿ ಕೊಳಕುಮಂಡಲ ಕಡಿದ ರೋಗಿಗಳ ರಕ್ತದಲ್ಲಿ ಗಂಟೆಗಂಟೆಗೆ ಆಗುವ ಬದಲಾವಣೆಯನ್ನು 1980ರ ದಶಕದಲ್ಲಿ ದಾಖಲಿಸಲಾಯಿತು. ನಳಿಕೆಯ ಫಲಿತಾಂಶ ಮತ್ತು ಫೈಬ್ರಿನೋಜನ್ ಪ್ರಮಾಣ ಒಂದಕ್ಕೊಂದು ತಾಳೆಯಾಗುತ್ತವೆ ಎಂದು 1994ರಲ್ಲಿ ಬ್ರೆಜಿಲಿನ ಅಧ್ಯಯನ ತೋರಿಸಿತು. ಭಾರತದ 2009ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಈ ಪರೀಕ್ಷೆಗೆ ಮುಖ್ಯ ಸ್ಥಾನ ದೊರೆಯಿತು.

ಮಾಡುವ ಕ್ರಮ ಸರಳ. ರೋಗಿಯ ಅಭಿಧಮನಿಯಿಂದ ಸುಮಾರು ಎರಡು ಮಿಲಿಲೀಟರ್ ರಕ್ತ ತೆಗೆದು ಹೊಸ, ಒಣ ಗಾಜಿನ ನಳಿಕೆಗೆ ಹಾಕಿ ಅಲುಗಿಸದೆ ಇಪ್ಪತ್ತು ನಿಮಿಷ ಇಡಬೇಕು. ಬಳಿಕ ಒಂದೇ ಸಲ ವಾಲಿಸಬೇಕು. ಗಟ್ಟಿ ಹೆಪ್ಪಾಗಿದ್ದರೆ ರಕ್ತ ಸದ್ಯಕ್ಕೆ ಸರಿಯಿದೆ, ಹರಿದರೆ ವಿಷ ರಕ್ತಕ್ಕೆ ಏರಿದೆ. ಗಾಜಿನ ಮೇಲ್ಮೈಯ ಸ್ಪರ್ಶವೇ ಹೆಪ್ಪುಗಟ್ಟುವ ಕ್ರಿಯೆಯನ್ನು ಶುರುಮಾಡುತ್ತದೆ. ಆದ್ದರಿಂದ ಪ್ಲಾಸ್ಟಿಕ್ ನಳಿಕೆ ಬಳಸಿದರೆ, ಅಥವಾ ಗಾಜಿನದನ್ನೇ ಸಾಬೂನಿನಿಂದ ತೊಳೆದು ಮತ್ತೆ ಬಳಸಿದರೆ, ಫಲಿತಾಂಶ ತಪ್ಪುತ್ತದೆ.

ಒಂದು ಸಲ ನೋಡಿ ಬಿಟ್ಟರೆ ಈ ಪರೀಕ್ಷೆಯಿಂದ ಹೆಚ್ಚು ಲಾಭವಿಲ್ಲ. ಮೊದಲ ನಳಿಕೆ ಹೆಪ್ಪಾದರೂ ಮೂರು ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಪರೀಕ್ಷಿಸಬೇಕೆಂದು 2009ರ ಮಾರ್ಗಸೂಚಿ ಹೇಳಿತ್ತು, ಏಕೆಂದರೆ ವಿಷ ತಡವಾಗಿಯೂ ಏರಬಹುದು. ಹೆಪ್ಪಾಗದಿದ್ದರೆ ಪ್ರತಿವಿಷ ಕೊಟ್ಟು ಆರು ಗಂಟೆ ಕಾಯಬೇಕು. ಪ್ರತಿವಿಷ ರಕ್ತದಲ್ಲಿರುವ ವಿಷವನ್ನು ಕಟ್ಟಿಹಾಕುತ್ತದೆ, ಕಳೆದುಹೋದ ಫೈಬ್ರಿನೋಜನ್ನನ್ನು ಮರಳಿ ತರುವುದಿಲ್ಲ. ಅದನ್ನು ಯಕೃತ್ತು ಹೊಸದಾಗಿ ತಯಾರಿಸಬೇಕು, ಅದಕ್ಕೆ ಸುಮಾರು ಆರು ಗಂಟೆ ಬೇಕು. ಆರು ಗಂಟೆಯ ನಂತರದ ನಳಿಕೆಯೂ ಹೆಪ್ಪಾಗದಿದ್ದರೆ ವಿಷ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಆಗ ಮತ್ತೊಂದು ಕಂತು ಪ್ರತಿವಿಷ ಕೊಡಬೇಕಾಗುತ್ತದೆ.

ಪರೀಕ್ಷೆಗೆ ಮಿತಿಗಳೂ ಇವೆ. ವಾರ್ಡಿನ ದಿನನಿತ್ಯದ ಬಳಕೆಯಲ್ಲಿ ಅದು ಅನೇಕ ರೋಗಿಗಳನ್ನು ಗುರುತಿಸದೆ ಬಿಡುತ್ತದೆ ಎಂದು 2013ರಲ್ಲಿ ಶ್ರೀಲಂಕಾದ ಅಧ್ಯಯನವೊಂದು ಎಚ್ಚರಿಸಿತು. ಸರಿಯಾದ ನಳಿಕೆ, ತರಬೇತಿ ಪಡೆದ ಸಿಬ್ಬಂದಿ ಎರಡೂ ಬೇಕೆಂಬುದು ಅದರಿಂದ ಸ್ಪಷ್ಟವಾಯಿತು. ನಾಗರಹಾವು, ಕಟ್ಟುಹಾವಿನ ಕಡಿತದಲ್ಲಿ ನಳಿಕೆಯನ್ನು ನಂಬಿ ಕೂರುವಂತಿಲ್ಲ, ಅಲ್ಲಿ ರೆಪ್ಪೆ, ಕತ್ತು, ಉಸಿರಾಟವನ್ನು ಕಾಯಬೇಕು. ಕೊಳಕುಮಂಡಲ ಮೂತ್ರಪಿಂಡವನ್ನೂ ಕೆಡಿಸುವುದರಿಂದ ದೊಡ್ಡ ಆಸ್ಪತ್ರೆಗಳಲ್ಲಿ ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮಟ್ಟವನ್ನೂ ಪ್ಲೇಟ್‌ಲೆಟ್ ಎಣಿಕೆಯನ್ನೂ ದಿನದಿನ ನೋಡುತ್ತಾರೆ. ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಹೀಗಾಗಿ ಎಲ್ಲ ಕಡೆಯೂ ಪ್ರತಿವಿಷದ ಗುಣ ಒಂದೇ ಸಮನಾಗಿರುವುದಿಲ್ಲ. ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುವ ಅಗತ್ಯ ಇದರಿಂದ ಇನ್ನೂ ಹೆಚ್ಚುತ್ತದೆ.

2024ರಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿತು. ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕಾಯಿತು. ಹಿಂದೆ ಲೆಕ್ಕಕ್ಕೇ ಬಾರದೆ ಹೋಗುತ್ತಿದ್ದ ಕೂಲಿಕಾರರ, ರೈತರ ಸಾವುಗಳು ದಾಖಲೆಗೆ ಬರಲು ಇದರಿಂದ ದಾರಿಯಾಯಿತು. ಕಬ್ಬಿನ ಸೀಮೆಯ ಸಣ್ಣ ಆಸ್ಪತ್ರೆಗಳಲ್ಲಿ ಪ್ರತಿವಿಷದ ದಾಸ್ತಾನಿನ ಜೊತೆಗೆ ಹೊಸ ಗಾಜಿನ ನಳಿಕೆಗಳೂ, ಹೊತ್ತು ತಪ್ಪದೆ ಅವುಗಳನ್ನು ನೋಡಿ ಬರೆದಿಡುವ ಸಿಬ್ಬಂದಿಯೂ ಇರಬೇಕು. ಆಗ ಮಾತ್ರ ರೋಗಿಯನ್ನು ಅಲ್ಲೇ ಉಳಿಸಿಕೊಳ್ಳಬೇಕೋ ಬೆಳಗಾವಿಗೆ ಕಳಿಸಬೇಕೋ ಎಂಬುದನ್ನು ವೈದ್ಯರು ವೇಳೆ ಮೀರುವ ಮೊದಲೇ ನಿರ್ಧರಿಸಬಹುದು.